ಎಳ್ಳಮಾವಾಸ್ಯೆಗೆ ಹೊಲಕ್ಕೆ ಬಾರದ ಹುಡುಗ

ಆಷಾಢದ ಒಂದು ಮಧ್ಯಾಹ್ನ ಅಫಜಲಪುರದ ಕಡೆಯ ಕುಟುಂಬವೊಂದು ಮನೋವೈದ್ಯನಾದ ನನ್ನ ಕಲಬುರಗಿಯ ಕೋಣೆಯಲ್ಲಿ ಕುಳಿತಿದೆ ಎಂದುಕೊಳ್ಳಿ. ಹಲವು ಮನೆಗಳ ಕಥೆಯನ್ನು ಒಂದೇ ಮನೆಯದಾಗಿ ಹೇಳುತ್ತಿದ್ದೇನೆ. ಇಪ್ಪತ್ತೆರಡು ವರ್ಷದ ಮಗ ನೆಲ ನೋಡುತ್ತಿದ್ದಾನೆ. ಯಾವಾಗಿನಿಂದ ಹೀಗೆ ಎಂದರೆ ತಂದೆ, "ಹದಿನೈದು ದಿನ ಆಯಿತು ಸಾಹೇಬರೇ, ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ" ಎನ್ನುತ್ತಾರೆ. ಹದಿನೈದು ದಿನದ ಹಿಂದೆ ಅವನು ಪಕ್ಕದ ಮನೆಯವರ ಮೇಲೆ ಕಲ್ಲು ಎತ್ತಿದ್ದ. ಅವರ ಲೆಕ್ಕ ಆ ಕಲ್ಲಿನಿಂದ ಶುರು.

ತಿಂಗಳು, ತಾರೀಖು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಶರಣಬಸವೇಶ್ವರ ಜಾತ್ರೆಗೆ ಬಂದಿದ್ದನೇ? ತೊಗರಿ ರಾಶಿಗೆ ಕೈಹಚ್ಚಿದನೇ? ಚಳಿಗಾಲದ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಎಲ್ಲರೊಡನೆ ಕುಳಿತು ಭಜ್ಜಿ, ಸಜ್ಜೆ ರೊಟ್ಟಿ ಉಂಡನೇ? ಆಗ ಬಾಗಿಲ ಬಳಿ ನಿಂತಿದ್ದ ತಾಯಿ ಬಾಯಿ ಬಿಡುತ್ತಾರೆ: "ಈ ಸಲದ್ದು ಬಿಡಿ, ಅದರ ಹಿಂದಿನ ಎಳ್ಳಮಾವಾಸ್ಯೆಗೂ ಬರಲಿಲ್ಲ. ಕದ ಹಾಕಿಕೊಂಡು ಮಲಗಿದ್ದ. ಸ್ನಾನಕ್ಕೂ ನಾನೇ ಎಬ್ಬಿಸಬೇಕಿತ್ತು." ಹದಿನೈದು ದಿನದ ಕಾಯಿಲೆಗೆ ಒಂದೂವರೆ ವರ್ಷವಾಯಿತು.

ಇಂಥ ಕಡೆ ನಾನು ಅನುಮಾನಿಸುವ ಮನೋರೋಗಗಳಲ್ಲೊಂದು ಸ್ಕಿಜೋಫ್ರೇನಿಯಾ. ಆ ಹೆಸರು ಎತ್ತಿದೊಡನೆ ಜನರ ಕಣ್ಣಿಗೆ ಕಟ್ಟುವುದು ಒಬ್ಬನೇ ಮಾತನಾಡುವ, ಕೂಗಾಡುವ ಮನುಷ್ಯ. ಗದ್ದಲದ ಲಕ್ಷಣಗಳು ಇರುವುದು ನಿಜ. ಯಾರೂ ಇಲ್ಲದೆ ಮಾತು ಕೇಳಿಸುತ್ತದೆ. "ಈಗ ಎದ್ದ, ಈಗ ಬಾವಿಯ ಕಡೆ ಹೊರಟ" ಎಂದು ಇಬ್ಬರು ತನ್ನ ಬಗ್ಗೆಯೇ ಆಡಿಕೊಳ್ಳುತ್ತಾರೆ. ಊರೇ ಸಂಚು ಹೂಡಿದೆ ಎಂಬ ನಂಬಿಕೆ ಎಷ್ಟು ತಿಳಿಹೇಳಿದರೂ ಅಲುಗುವುದಿಲ್ಲ. ತನ್ನ ಮನಸ್ಸಿನಲ್ಲಿರುವುದು ಎಲ್ಲರಿಗೂ ಗೊತ್ತಾಗುತ್ತಿದೆ ಅನ್ನಿಸುತ್ತದೆ. ಆದರೆ ಎಷ್ಟೋ ಸಲ ಇವುಗಳಿಗಿಂತ ಮೊದಲೇ ಬಂದು, ಮಾತ್ರೆಗೂ ಅಷ್ಟಾಗಿ ಜಗ್ಗದವು ಸದ್ದಿಲ್ಲದ ಲಕ್ಷಣಗಳು: ಮುಖದ ಭಾವ ಆರಿಹೋಗುವುದು, ಮಾತು ಒಂದೆರಡು ಪದಕ್ಕೆ ಇಳಿಯುವುದು, ಗೆಳೆಯರು ಬೇಡವಾಗುವುದು, ಯಾವುದಕ್ಕೂ ಮನಸ್ಸು ಏಳದಿರುವುದು. ಗಂಡುಮಕ್ಕಳಲ್ಲಿ ಇದು ಹೆಚ್ಚಾಗಿ ಕಾಲೇಜಿನ ವಯಸ್ಸಿನಲ್ಲಿ ತಲೆದೋರುತ್ತದೆ, ಹೆಣ್ಣುಮಕ್ಕಳಲ್ಲಿ ಕೆಲವು ವರ್ಷ ತಡವಾಗಿ. ಮನೆಯವರು ಸೋಮಾರಿತನ ಎನ್ನುತ್ತಾರೆ, ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮದುವೆಯನ್ನು ಔಷಧಿಯಂತೆ ಬರೆದುಕೊಡುವ ಹಿರಿಯರ ಮೇಲೆ ನನಗೆ ಸಿಟ್ಟಿದೆ. ಆ ಔಷಧಿಯ ಖರ್ಚನ್ನು ಏನೂ ತಿಳಿಯದೆ ಬಂದ ಹುಡುಗಿ ತೆರಬೇಕು.

"ತಲೆಯ ಸ್ಕ್ಯಾನ್ ಮಾಡಿಸಿದ್ದೇವೆ, ಏನೂ ಇಲ್ಲ ಎಂದರು." ಹೌದು, ಸ್ಕಿಜೋಫ್ರೇನಿಯಾವನ್ನು ತೋರಿಸುವ ಸ್ಕ್ಯಾನ್ ಆಗಲಿ ರಕ್ತಪರೀಕ್ಷೆಯಾಗಲಿ ಇಲ್ಲ. ಆದರೂ ಪರೀಕ್ಷೆ ಮಾಡಿಸುತ್ತೇವೆ. ಮೂರ್ಛೆರೋಗ, ಥೈರಾಯ್ಡ್, ಬಿ12 ಕೊರತೆ, ಮೆದುಳಿನ ಉರಿಯೂತ ಇದೇ ವೇಷದಲ್ಲಿ ಬರಬಲ್ಲವು.

ನಮ್ಮ ಸೀಮೆಯಲ್ಲಿ ಸೇಂದಿಯ ಬಗ್ಗೆ ಕೇಳದೆ ಮುಂದೆ ಹೋಗುವಂತಿಲ್ಲ. ಕ್ಲೋರಲ್ ಹೈಡ್ರೇಟ್ ಅಥವಾ ಆಲ್ಪ್ರಜೋಲಾಂ ಎಂಬ ಮಂಪರಿನ ಔಷಧಿ ಬೆರೆಸಿದ ಸೇಂದಿಯನ್ನು ನಿತ್ಯ ಕುಡಿಯುತ್ತಿದ್ದವನು ಒಮ್ಮೆಲೇ ಬಿಟ್ಟರೆ ಕೆಲವೇ ದಿನಗಳಲ್ಲಿ ನಡುಕ ಹಿಡಿದು, ನಿದ್ದೆಗೆಟ್ಟು, ಇಲ್ಲದ್ದನ್ನು ಕಾಣತೊಡಗಬಹುದು. ಅವನಿಗೆ ಇದು ಹಗಲೋ ರಾತ್ರಿಯೋ ಎಂಬುದೇ ಕಲಸಿಹೋಗಿರುತ್ತದೆ. ಸ್ಕಿಜೋಫ್ರೇನಿಯಾ ಇರುವವನು ಸಾಮಾನ್ಯವಾಗಿ ವಾರವನ್ನೂ ಊರನ್ನೂ ಸರಿಯಾಗಿ ಹೇಳುತ್ತಾನೆ. ಗಾಂಜಾ ಇದಕ್ಕಿಂತ ತೊಡಕು. ಅದು ಕಾಯಿಲೆಯನ್ನು ಅಣಕಿಸಲೂಬಹುದು, ಎಬ್ಬಿಸಲೂಬಹುದು.

ಇಲ್ಲಿಗೆ ಬರುವ ಮುಂಚೆ ಅನೇಕರು ಗಾಣಗಾಪುರಕ್ಕೆ ಹೋಗಿ, ಭೀಮಾ–ಅಮರ್ಜಾ ಸಂಗಮದಲ್ಲಿ ಮಿಂದು ಬಂದಿರುತ್ತಾರೆ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಮಾತ್ರೆ ನಿಲ್ಲಿಸಬೇಡಿ ಎನ್ನುತ್ತೇನೆ. "ಭಾನಾಮತಿ ಮಾಡಿಸಿದ್ದಾರೆ" ಎಂದು ಊರೆಲ್ಲ ನಂಬುವ ಕಡೆ ಒಬ್ಬನೂ ನಂಬಿದರೆ ಅದಷ್ಟೇ ಕಾಯಿಲೆಯಲ್ಲ. ಹುಣ್ಣಿಮೆಗೆ ಮೈಮೇಲೆ ದೇವರು ಬಂದು, ಮರುದಿನ ಎಂದಿನಂತೆ ರೊಟ್ಟಿ ಬಡಿಯುವ ಹೆಂಗಸಿಗೆ ಸ್ಕಿಜೋಫ್ರೇನಿಯಾ ಎಂದು ಬರೆದರೆ ತಪ್ಪು ನನ್ನದು. ಮನೆಯವರೇ "ನಾವೂ ನಂಬುತ್ತೇವೆ, ಆದರೆ ಇವನು ಹೇಳುವುದು ನಮಗೂ ತಿಳಿಯುತ್ತಿಲ್ಲ" ಎಂದಾಗ ನನ್ನ ಕಿವಿ ನಿಮಿರುತ್ತದೆ.

ಭಾಷೆಯೂ ಕಾಡುತ್ತದೆ. "ಕಿವಿಯಲ್ಲಿ ಮಾತು ಕೇಳಿಸುತ್ತದೆಯೇ?" ಎಂದರೆ "ಕೇಳಿಸದೆ ಏನು, ನಾನು ಕಿವುಡನೇ?" ಎಂದವರಿದ್ದಾರೆ. ಇಲ್ಲದ ಮಾತು ಕೇಳುವುದಕ್ಕೂ ಸುಳ್ಳನ್ನು ನಿಜವೆಂದು ನಂಬುವುದಕ್ಕೂ ನಾವು ಭ್ರಮೆ ಎಂಬ ಒಂದೇ ಮಾತನ್ನು ಬಳಸಿಬಿಡುತ್ತೇವೆ. ಲಂಬಾಣಿ ತಾಂಡಾದ ಅಜ್ಜಿಯ ಬಳಿ ಮೊಮ್ಮಗನೇ ದುಭಾಷಿಯಾದರೆ ಅವನು ನಾಚಿಕೆಯಿಂದ ಅರ್ಧ ನುಂಗುತ್ತಾನೆ. ಮುಂಬೈ, ಪುಣೆಗೆ ದುಡಿಯಲು ಹೋದಾಗ ಶುರುವಾದದ್ದಾದರೆ ಆರಂಭ ಕಂಡವರೇ ಇರುವುದಿಲ್ಲ.

ಸ್ಕಿಜೋಫ್ರೇನಿಯಾ ಎನ್ನಲು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಪ್ರಕಾರ ಲಕ್ಷಣಗಳು ಕನಿಷ್ಠ 1 ತಿಂಗಳು ಇರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ ಕಾಯಿಲೆಯ ಒಟ್ಟು ಅವಧಿ 6 ತಿಂಗಳಾಗಲಿ ಎನ್ನುತ್ತದೆ. ಹಾಗಾಗಿ ಮೊದಲ ದಿನ ನಾನು 'ಸೈಕೋಸಿಸ್' (ವಾಸ್ತವದ ನಂಟು ತಪ್ಪಿದ ಸ್ಥಿತಿ) ಎಂದಷ್ಟೇ ಬರೆದು ಚಿಕಿತ್ಸೆ ಶುರು ಮಾಡುತ್ತೇನೆ. ಸೊಲ್ಲಾಪುರದ ಚೀಟಿಯಲ್ಲಿ ಒಂದು ಹೆಸರು, ಹೈದರಾಬಾದಿನದರಲ್ಲಿ ಇನ್ನೊಂದು ಎಂದು ಮನೆಯವರು ಸಿಟ್ಟಾಗುತ್ತಾರೆ. ಇಬ್ಬರೂ ತಾವು ಕಂಡ ದಿನದ ಮಟ್ಟಿಗೆ ಸರಿಯಿರಬಹುದು. ಇಂದು ಸ್ಕಿಜೋಫ್ರೇನಿಯಾದಂತೆ ಕಂಡದ್ದು ಮುಂದಿನ ವರ್ಷ ಉನ್ಮಾದ, ಖಿನ್ನತೆಗಳ ಬೈಪೋಲಾರ್ ಕಾಯಿಲೆ ಎಂದು ತಿಳಿದೀತು.

ದೂರದಲ್ಲಿದ್ದವರು ಮೊದಲು ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆಸ್ಪತ್ರೆಗೆ ಬರುವಾಗ ಹಳೆಯ ಚೀಟಿಗಳೆಲ್ಲವನ್ನೂ ತನ್ನಿ. ಜೊತೆಗೆ ಊರ ಗೌಡರು ಬೇಡ, ಅವನಿಗೆ ದಿನವೂ ಊಟ ಬಡಿಸುವವರು ಬರಲಿ.