ಮೀಟರಿಗೆ ಇನ್ನೂರು ಜಿ

ಭೌತವಿಜ್ಞಾನ ಪಾಠ ಮಾಡುವವರ ಕೈಗೆ ವೈಜ್ಞಾನಿಕ ಕಾದಂಬರಿ ಸಿಕ್ಕರೆ ಕಥೆಗಿಂತ ಮೊದಲು ಲೆಕ್ಕ ಹುಡುಕುವ ಚಾಳಿ. ನನಗೂ ಇದೆ. ಎಷ್ಟೋ ಪುಸ್ತಕಗಳು ಅಲ್ಲೇ ಮುಗ್ಗರಿಸುತ್ತವೆ. ರಾಬರ್ಟ್ ಫಾರ್ವರ್ಡ್ ಅವರ ‘ಡ್ರ್ಯಾಗನ್ಸ್ ಎಗ್’ (1980) ಮಾತ್ರ ಪರೀಕ್ಷೆಯ ಪ್ರಶ್ನೆಯಾಗಿಯೂ ನಿಲ್ಲುತ್ತದೆ.

ಫಾರ್ವರ್ಡ್ (1932–2002) ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೆಬರ್ ಜೊತೆ ಗುರುತ್ವ ಅಲೆಗಳ ಪತ್ತೆಗೆ ದೊಡ್ಡ ಅಲ್ಯೂಮಿನಿಯಂ ದಿಮ್ಮಿ ಕಟ್ಟಿದವರು. ಆಮೇಲೆ ಕ್ಯಾಲಿಫೋರ್ನಿಯಾದ ಹ್ಯೂಸ್ ಪ್ರಯೋಗಾಲಯದಲ್ಲಿದ್ದಾಗ, ಒಂದು ಬಿಂದುವಿನಿಂದ ಪಕ್ಕದ ಬಿಂದುವಿಗೆ ಗುರುತ್ವ ಎಷ್ಟು ಬದಲಾಗುತ್ತದೆಂದು ಅಳೆಯುವ ಉಪಕರಣ ರೂಪಿಸಿದರು. ಸಂಬಳಕ್ಕೆ ಮಾಡಿದ ಆ ಕೆಲಸವೇ ಕಾದಂಬರಿಯ ಬೆನ್ನೆಲುಬು.

ಕಥೆ ನಡೆಯುವುದು ನ್ಯೂಟ್ರಾನ್ ತಾರೆಯೊಂದರ (ಸತ್ತ ದೊಡ್ಡ ತಾರೆಯ ಅತಿ ಸಾಂದ್ರ ತಿರುಳು) ಮೇಲೆ. ಸೂರ್ಯನ ಅರ್ಧದಷ್ಟು ದ್ರವ್ಯರಾಶಿ, ಅಡ್ಡಳತೆ ಬರೀ 20 ಕಿ.ಮೀ. ನೆಲದ ಮೇಲಿನ ಗುರುತ್ವ ಭೂಮಿಯ 6,700 ಕೋಟಿ ಪಟ್ಟು. ಅಲ್ಲಿ ಎಳ್ಳುಕಾಳಿನಷ್ಟೇ ಇರುವ ‘ಚೀಲಾ’ ಜೀವಿಗಳು. ಅವುಗಳ ದೇಹ ನಡೆಯುವುದು ರಾಸಾಯನಿಕ ಕ್ರಿಯೆಗಳಿಂದಲ್ಲ, ಪರಮಾಣು ಬೀಜಗಳ ನಡುವಿನ ಕ್ರಿಯೆಗಳಿಂದ. ಹಾಗಾಗಿ ಅವುಗಳ ಬದುಕು ನಮಗಿಂತ ಹತ್ತು ಲಕ್ಷ ಪಟ್ಟು ವೇಗ. ನಮ್ಮ ಒಂದು ಗಂಟೆ ಅವಕ್ಕೆ ನೂರಹದಿನಾಲ್ಕು ವರ್ಷ. ನಾವು ಹತ್ತು ಸೆಕೆಂಡಿನ ಮಾತು ಮುಗಿಸುವಷ್ಟರಲ್ಲಿ ಅಲ್ಲಿ ನಾಲ್ಕು ತಿಂಗಳು ಸರಿಯುತ್ತದೆ. (ಮನುಷ್ಯ ಪಾತ್ರಗಳು ಸಪ್ಪೆ. ಚೀಲಾಗಳೇ ವಾಸಿ.)

ನನಗೆ ಹೆಚ್ಚು ರುಚಿಸಿದ್ದು ಈ ತಾರೆಯನ್ನು ನೋಡಲು ಬಂದ ಮನುಷ್ಯರ ನೌಕೆಯ ಭಾಗ. ತಾರೆ ಸೆಕೆಂಡಿಗೆ ಸುಮಾರು ಐದು ಸುತ್ತು ತಿರುಗುತ್ತದೆ. ಒಂದೇ ಜಾಗದ ಮೇಲೆ ನಿಂತಿರಬೇಕಾದರೆ ನೌಕೆಯೂ ಅದೇ ವೇಗದಲ್ಲಿ ಸುತ್ತಬೇಕು. ಕಕ್ಷೆಯ ದೂರಕ್ಕೂ ಸುತ್ತುವ ಸಮಯಕ್ಕೂ ಇರುವ ನಂಟನ್ನು ಹೇಳುವ ಕೆಪ್ಲರ್ ನಿಯಮ ಹಾಕಿದರೆ ಕೇಂದ್ರದಿಂದ ಸುಮಾರು 400 ಕಿ.ಮೀ. ದೂರ ಬರುತ್ತದೆ. ಕಕ್ಷೆಯಲ್ಲಿರುವವರಿಗೆ ತೂಕವಿಲ್ಲ, ಸರಿ. ಆದರೆ ಕಾಲು ತಾರೆಗೆ ಹತ್ತಿರ, ತಲೆ ದೂರ; ಹಾಗಾಗಿ ಕಾಲಿಗೆ ಸೆಳೆತ ಹೆಚ್ಚು, ತಲೆಗೆ ಕಡಿಮೆ. ಸಮುದ್ರವನ್ನು ಉಕ್ಕಿಸುವ ಉಬ್ಬರದ ಬಲವೇ ಇದು. ಭೂಮಿಯ ನೆಲದ ಮೇಲಿನ ಗುರುತ್ವವನ್ನು ಒಂದು ‘ಜಿ’ ಎಂದರೆ, ಈ ವ್ಯತ್ಯಾಸ ಭೂಮಿಯ ಹತ್ತಿರ ಮೀಟರಿಗೆ ಒಂದು ಜಿಯ ಕೋಟಿಯಲ್ಲಿ ಮೂರು ಪಾಲು, ಇಲ್ಲಿ ಮೀಟರಿಗೆ 200 ಜಿ. ಯಾತ್ರಿ ಎರಡು ತುಂಡು.

ಫಾರ್ವರ್ಡ್ ಮಾಡಿದ ಉಪಾಯ: ನೌಕೆಯ ಸುತ್ತ ಅತಿ ಸಾಂದ್ರವಾದ ಆರು ಗೋಳಗಳನ್ನು ಅಡ್ಡ ಉಂಗುರವಾಗಿ ಇಡುವುದು. ತಾರೆ ಉದ್ದಕ್ಕೆ ಹಿಗ್ಗಿಸಿ ಪಕ್ಕದಿಂದ ಹಿಚುಕುತ್ತದೆ. ಉಂಗುರ ಪಕ್ಕಕ್ಕೆ ಎಳೆದು ಉದ್ದಕ್ಕೆ ಒತ್ತುತ್ತದೆ. ಎರಡೂ ಹೆಚ್ಚುಕಡಿಮೆ ರದ್ದು. ಕ್ಷುದ್ರಗ್ರಹಗಳನ್ನು ಅಷ್ಟು ಸಾಂದ್ರಗೊಳಿಸಲು ಅವರು ಕಾಂತೀಯ ಏಕಧ್ರುವಗಳನ್ನು (ಉತ್ತರ ಇಲ್ಲವೇ ದಕ್ಷಿಣ, ಒಂದೇ ಧ್ರುವವಿರುವ ಕಣ) ಬಳಸಿಕೊಂಡಿದ್ದಾರೆ. ಇದುವರೆಗೆ ಯಾರ ಪ್ರಯೋಗದಲ್ಲೂ ಖಚಿತವಾಗಿ ಸಿಗದ ಕಣ ಅದು. ಒಂದು ಸಾಲ ಎತ್ತಿ, ಉಳಿದಿದ್ದಕ್ಕೆಲ್ಲ ಸ್ವಂತ ದುಡ್ಡು ಹಾಕಿದ ಹಾಗೆ. ನನ್ನ ಮಟ್ಟಿಗೆ ಇದು ನ್ಯಾಯದ ವ್ಯವಹಾರ.

ಉಂಗುರ ಅಲ್ಲಿಗೇ ನಿಲ್ಲಲಿಲ್ಲ. 1982ರಲ್ಲಿ ಫಾರ್ವರ್ಡ್ ‘ಫಿಸಿಕಲ್ ರಿವ್ಯೂ ಡಿ’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಭೂಕಕ್ಷೆಯ ಪ್ರಯೋಗಾಲಯದಲ್ಲೂ ಸೂಕ್ಷ್ಮ ಪ್ರಯೋಗಗಳಿಗೆ ಆ ಕೋಟಿಯಲ್ಲಿ ಮೂರು ಪಾಲು ತೊಂದರೆಯೇ. ಆರು ಗೋಳಗಳ ಉಂಗುರದಿಂದ ಅದನ್ನೂ ತಗ್ಗಿಸಬಹುದು ಎಂಬುದು ಅದರ ಸಾರ. ಇಲ್ಲಿ ಏಕಧ್ರುವಗಳ ಹಂಗಿಲ್ಲ, ಮಾಮೂಲಿ ಗೋಳಗಳೇ ಸಾಕು.