ಒಂದು ತಾಸಿನ ಮತ್ತಿಗೆ ಹೆದರಿ

"ಸಾಹೇಬ್ರ, ಇಷ್ಟ್ ಸಣ್ಣ ಕೂಸಿಗೆ ಮತ್ತಿನ ಸೂಜಿ ಮಾಡಿದ್ರ ಮುಂದ ಸಾಲ್ಯಾಗ ತಲಿಗೆ ಹತ್ತೂದಿಲ್ಲಂತಲ್ರೀ?"

ವಿಜಯಪುರದಲ್ಲಿ ಆಪರೇಷನ್‌ಗೆ ಮತ್ತಿನ ಔಷಧ (ಅರಿವಳಿಕೆ) ಕೊಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೊನ್ನೆ ಕೇಳಿದವರು ಇಂಡಿ ಕಡೆಯ ಒಬ್ಬ ಆಯಿ. ಮೊಮ್ಮಗನಿಗೆ ಮೂರು ತಿಂಗಳು, ತೊಡೆಸಂದಿಯಲ್ಲಿ ಹರ್ನಿಯಾ, ಅಂದರೆ ಕರುಳು ಹೊರಚಾಚಿ ಆಗುವ ಗಂಟು. ತಿಂಗಳ ಹಿಂದೆಯೇ ಆಪರೇಷನ್ ಮಾಡಿಸಿ ಅಂದಿದ್ದೆವು. ಯಾರೋ ಮೊಬೈಲ್‌ನಲ್ಲಿ ತೋರಿಸಿದ್ದನ್ನು ನಂಬಿ ಸುಮ್ನೆ ಕೂತರು. ಈಗ ಗಂಟು ಕೆಂಪಾಗಿ ಕಲ್ಲಿನಂತಾಗಿತ್ತು, ಕೂಸು ಹಸಿರು ವಾಂತಿ ಮಾಡುತ್ತಿತ್ತು. ಕರುಳು ಸಿಕ್ಕಿಕೊಂಡಿತ್ತು. ಹಗಲು ಹೊತ್ತಲ್ಲಿ ಮುಕ್ಕಾಲು ತಾಸಿಗೆ ಮುಗಿಯಬೇಕಾದ ಕೆಲಸ ನಡುರಾತ್ರಿ ಎರಡೂವರೆ ತಾಸು ಹಿಡಿಯಿತು. ಯಾವ ಮತ್ತಿಗೆ ಹೆದರಿದ್ದರೋ ಅದೇ ಮೂರು ಪಟ್ಟು ಜಾಸ್ತಿ ಆಯಿತು, ಅಲ್ವಾ?

ಹೆದರಿಕೆಗೆ ಬುಡವೇ ಇಲ್ಲ ಅನ್ನಲಾರೆ. ಏಳು ದಿನದ ಇಲಿಮರಿಗಳಿಗೆ ಆರು ತಾಸು ಮತ್ತಿನ ಔಷಧ ಕೊಟ್ಟಾಗ ಮಿದುಳಿನ ಜೀವಕೋಶ ಸತ್ತಿದ್ದು, ಮುಂದೆ ಕಲಿಕೆ, ನೆನಪು ಕುಂದಿದ್ದು 2003ರಲ್ಲೇ ಗೊತ್ತಾಗಿದೆ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರೂ ಎಚ್ಚರಿಸಿದರು. ಏನಂತ? ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ತಾಸು ಮೀರಿದರೆ, ಇಲ್ಲವೇ ಮತ್ತೆ ಮತ್ತೆ ಕೊಟ್ಟರೆ ತೊಂದರೆ ಆಗಬಹುದು ಅಂತ. ಈ "ಮೀರಿದರೆ", "ಮತ್ತೆ ಮತ್ತೆ" ಅನ್ನುವ ಮಾತೇ ಯಾರ ಕಿವಿಗೂ ಬೀಳುವುದಿಲ್ಲ.

ಒಂದೇ ಸಲ, ಸುಮಾರು ಒಂದು ತಾಸು ಕೊಟ್ಟರೆ? ಇದೇ ಹರ್ನಿಯಾ ಇದ್ದ 722 ಕೂಸುಗಳನ್ನು ಏಳು ದೇಶಗಳ 28 ಆಸ್ಪತ್ರೆಗಳಲ್ಲಿ ಎರಡು ಗುಂಪು ಮಾಡಿದರು. ಒಂದಕ್ಕೆ ಪೂರ್ತಿ ಮತ್ತಿನ ಔಷಧ, ಇನ್ನೊಂದಕ್ಕೆ ಎಚ್ಚರವಿರುವಾಗಲೇ ಬೆನ್ನಿಗೆ ಮರಗಟ್ಟಿಸುವ ಸೂಜಿ. ಐದು ವರ್ಷವಾದಾಗ ಬುದ್ಧಿಮಟ್ಟ ಅಳೆದರು. 2019ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪು ಸರಿಸಮ.

ಹಲವು ಸಲ ಮತ್ತಿನ ಔಷಧ ಪಡೆದ ಮಕ್ಕಳ ಮಾತು ಸ್ವಲ್ಪ ಬೇರೆ. 2018ರ ಒಂದು ಅಧ್ಯಯನದಲ್ಲಿ ಅವರ ಬುದ್ಧಿಮಟ್ಟ ಕುಂದಿರಲಿಲ್ಲ, ಆದರೆ ಕೈಬೆರಳಿನ ನಾಜೂಕು ಕೆಲಸ, ಯೋಚನೆಯ ವೇಗ ತುಸು ಕಡಿಮೆ ಇತ್ತು. ಅದು ಔಷಧದಿಂದಲೋ, ಅಷ್ಟು ಸಲ ಆಪರೇಷನ್ ಬೇಕಾದ ಕಾಯಿಲೆಯಿಂದಲೋ ಹೇಳುವುದು ಕಷ್ಟ.

ಕಾಯಬಹುದಾದದ್ದನ್ನು ನಾವೇ ಕಾಯಿಸುತ್ತೇವೆ. ಹೊಕ್ಕುಳ ಹರ್ನಿಯಾ ಬಹಳಷ್ಟು ಮಕ್ಕಳಲ್ಲಿ ತಾನಾಗಿ ಮುಚ್ಚುತ್ತದೆ. ತೊಡೆಸಂದಿಯದು ಹಾಗಲ್ಲ, ಕೂಸು ಸಣ್ಣದಿದ್ದಷ್ಟೂ ಕರುಳು ಸಿಕ್ಕಿಕೊಳ್ಳುವ ಭಯ ಜಾಸ್ತಿ.

ಆಯಿಯ ಮೊಮ್ಮಗ ಐದನೇ ದಿನ ಮನೆಗೆ ಹೋದ. ಬಾಗಿಲಲ್ಲಿ ಆಯಿ ಸೊಸೆಗೆ ಹೇಳುತ್ತಿದ್ದರು: "ಇನ್ನೊಂದ್ ಬಾಜೂ ಗಂಟ್ ಕಂಡ್ರ ಅವತ್ತ ಬರೂಣು."