ಕೊನೆಗೆ ಏನಾಯ್ತು ಅಂತ ಡೈರೆಕ್ಟರಿಗಾದ್ರೂ ಗೊತ್ತಿರುತ್ತಾ?

ಪ್ರಶ್ನೆ: ಎರಡೂವರೆ ಗಂಟೆ ಕೂರಿಸಿಕೊಂಡು, ಕೊನೆಗೆ ಏನಾಯ್ತು ಅಂತಾನೇ ಹೇಳದೆ ಸಿನಿಮಾ ಮುಗಿಸ್ತಾರೆ. ಇಂಥ ಓಪನ್ ಎಂಡಿಂಗ್ ಮಾಡೋ ಡೈರೆಕ್ಟರುಗಳಿಗೆ ಉತ್ತರ ಗೊತ್ತಿರುತ್ತಾ, ಇಲ್ಲ ಕ್ಲೈಮ್ಯಾಕ್ಸ್ ಹೊಳೆಯದೆ ಹಾಗೇ ಬಿಟ್ಟುಬಿಡ್ತಾರಾ?

ಉತ್ತರ: ಎರಡೂ ಉಂಟು. ಗೊತ್ತಿದ್ದೂ ಬಾಯಿ ಬಿಡದವರಿದ್ದಾರೆ, ಹೊಳೆಯದೆ ಬಿಟ್ಟು ಮೇಲಿಂದ ‘ಪ್ರೇಕ್ಷಕರೇ ಯೋಚಿಸಲಿ’ ಅಂತ ಸಬೂಬು ಹೇಳುವವರೂ ಇದ್ದಾರೆ. ಆದರೆ ಡೈರೆಕ್ಟರ್ ತಲೆಯೊಳಗೆ ಏನಿತ್ತು ಅಂತ ಹುಡುಕುವುದಕ್ಕಿಂತ, ಸಿನಿಮಾ ಮೊದಲಿನಿಂದಲೂ ಆ ಕೊನೆಗೆ ತಯಾರಿ ಮಾಡಿಕೊಂಡು ಬಂದಿತ್ತಾ ಅಂತ ನೋಡಿದರೆ ಜಾಸ್ತಿ ಗೊತ್ತಾಗುತ್ತದೆ. ಮುಂದೆ ಕೆಲವು ಸಿನಿಮಾಗಳ ಕೊನೆಯನ್ನು ಪೂರ್ತಿ ಹೇಳುತ್ತೇನೆ, ಸ್ಪಾಯ್ಲರ್ ಬೇಡ ಅನ್ನುವವರು ಇಲ್ಲೇ ನಿಲ್ಲಿಸಿ.

ಮೊದಲು ಬುಗುರಿ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಈ ಮಾತು ಬಂದಾಗಲೆಲ್ಲ ಯಾರಾದರೂ ಅದನ್ನು ಎತ್ತೇ ಎತ್ತುತ್ತಾರೆ. 2010ರ ‘ಇನ್‌ಸೆಪ್ಷನ್’. ನಾಯಕ ತಾನಿರುವುದು ಕನಸೋ ನಿಜವೋ ಅಂತ ತಿಳಿಯಲು ಬುಗುರಿ ತಿರುಗಿಸುತ್ತಾನೆ: ಕನಸಾದರೆ ಅದು ತಿರುಗುತ್ತಲೇ ಇರುತ್ತದೆ, ನಿಜವಾದರೆ ಬೀಳುತ್ತದೆ. ಕೊನೆಯ ಶಾಟ್‌ನಲ್ಲಿ ಅದು ಒಂಚೂರು ತೂರಾಡಿದ ಹಾಗೆ ಕಾಣುತ್ತದೆ, ಅಷ್ಟರಲ್ಲಿ ಪರದೆ ಕಪ್ಪು. ಬಿತ್ತಾ, ಇಲ್ವಾ? ಎಲ್ಲರೂ ಬುಗುರಿಯನ್ನೇ ನೋಡುತ್ತಾರೆ. ನಾಯಕ ಕಾಬ್ ಆಗ ಎಲ್ಲಿದ್ದಾನೆ ಅಂತ ನೋಡಿ. ಶುರುವಿನಲ್ಲಿ ಹೋಟೆಲ್ ರೂಮಿನಲ್ಲಿ ಪಿಸ್ತೂಲು ಹಿಡಿದು ಕೂತು, ಅದು ಬೀಳುವವರೆಗೂ ಉಸಿರು ಬಿಗಿಹಿಡಿದು ದಿಟ್ಟಿಸಿದ್ದವನು ಇವನೇ. ಈಗ ಬುಗುರಿ ತಿರುಗಿಸಿ, ಅದರ ಕಡೆ ತಿರುಗಿಯೂ ನೋಡದೆ ಮಕ್ಕಳ ಹತ್ತಿರ ಹೋಗಿಬಿಟ್ಟಿದ್ದಾನೆ. ಇಡೀ ಸಿನಿಮಾದಲ್ಲಿ ಬೆನ್ನು ಮಾತ್ರ ತೋರಿಸುತ್ತಿದ್ದ ಮಕ್ಕಳು ಈಗ ಮುಖ ತೋರಿಸುತ್ತಾರೆ. ಅವನ ಕಥೆ ಅಲ್ಲಿಗೆ ಮುಗಿಯಿತು. ಬುಗುರಿ ಹತ್ತಿರ ಉಳಿದವರು ನಾವು ಮಾತ್ರ.

ಸಿನಿಮಾದ ಡೈರೆಕ್ಟರ್ ಕ್ರಿಸ್ಟೋಫರ್ ನೋಲನ್ 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮಾತಾಡುವಾಗ ಹೇಳಿದ್ದೂ ಹೆಚ್ಚುಕಮ್ಮಿ ಇದೇ: ಕಾಬ್‌ಗೆ ಇನ್ನು ಅದರ ಚಿಂತೆ ಇಲ್ಲ. ಆಮೇಲೆ 2018ರಲ್ಲಿ, ಅದೇ ಸಿನಿಮಾದಲ್ಲಿ ಮಾವನ ಪಾತ್ರ ಮಾಡಿದ ಮೈಕಲ್ ಕೇನ್ ಇನ್ನೊಂದು ವಿಷಯ ಹೊರಹಾಕಿದರು. ಯಾವುದು ಕನಸು ಯಾವುದು ನಿಜ ಅಂತ ಅರ್ಥವಾಗದೆ ಕೇಳಿದ್ದಕ್ಕೆ, ‘ನೀವಿರುವ ಸೀನ್ ಎಲ್ಲ ನಿಜ’ ಎಂಬ ಅರ್ಥದಲ್ಲಿ ನೋಲನ್ ಹೇಳಿದ್ದರಂತೆ. ಕೊನೆಯ ಸೀನಿನಲ್ಲಿ ಕೇನ್ ಇದ್ದಾರೆ. ಅಂದರೆ ಉತ್ತರ ಸಿಕ್ಕಿತು, ಅಲ್ವಾ? ಚರ್ಚೆ ಮಾತ್ರ ಒಂದಿಂಚೂ ಕಡಿಮೆಯಾಗಲಿಲ್ಲ. ಸಿನಿಮಾದ ಹೊರಗೆ ಸಿಕ್ಕ ಉತ್ತರದ ಹಣೆಬರಹವೇ ಇಷ್ಟು.

‘ಬ್ಲೇಡ್ ರನ್ನರ್’ ನೋಡಿ. ನಾಯಕ ಮನುಷ್ಯನೋ, ತಯಾರಿಸಿದ ಜೀವವೋ? ಡೈರೆಕ್ಟರ್ ರಿಡ್ಲಿ ಸ್ಕಾಟ್ ‘ತಯಾರಿಸಿದ್ದು’ ಅನ್ನುತ್ತಾರೆ. ಆ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ‘ಮನುಷ್ಯ’ ಅಂತ ವರ್ಷಗಟ್ಟಲೆ ವಾದಿಸಿದರು. ಒಂದೇ ಸೆಟ್ಟಿನಲ್ಲಿದ್ದ ಇಬ್ಬರಿಗೇ ಒಮ್ಮತ ಇರಲಿಲ್ಲ! ಅದೂ ಅಲ್ಲದೆ 1982ರಲ್ಲಿ ಬಿಡುಗಡೆಯಾದಾಗ ಈ ಗೊಂದಲ ಇಷ್ಟಿರಲಿಲ್ಲ. ಸ್ಟುಡಿಯೋದವರು ಕೊನೆಗೆ ನಾಯಕ ನಾಯಕಿ ಬೆಟ್ಟಗುಡ್ಡಗಳ ನಡುವೆ ಕಾರಿನಲ್ಲಿ ಹೋಗುವ ಸುಖಾಂತ್ಯ ಅಂಟಿಸಿದ್ದರು. ಆ ಬೆಟ್ಟಗಳ ದೃಶ್ಯವೂ ಸ್ವಂತದ್ದಲ್ಲ, ಕುಬ್ರಿಕ್‌ರ ‘ದ ಶೈನಿಂಗ್’ಗೆ ಶೂಟ್ ಮಾಡಿ ಉಳಿದಿದ್ದು. 1992ರ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಿ, ನಾಯಕನಿಗೆ ಒಂದು ಒಂಟಿಕೊಂಬಿನ ಕುದುರೆಯ ಕನಸು ಸೇರಿಸಿದರು. ಕೆಲವೇ ಸೆಕೆಂಡಿನ ಕನಸು, ಅದೂ ಯಾರೋ ಅವನ ತಲೆಯಲ್ಲಿ ತುಂಬಿದ್ದಿರಬಹುದು ಅನ್ನಿಸಿ, ನಾಯಕ ಯಾರು ಅನ್ನುವುದೇ ಬದಲಾಗಿಹೋಯಿತು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು 2023ರ ಫ್ರೆಂಚ್ ಸಿನಿಮಾ ‘ಅನಾಟಮಿ ಆಫ್ ಎ ಫಾಲ್’ನಲ್ಲಿ. ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಗೆದ್ದದ್ದು, ಆಮೇಲೆ ಚಿತ್ರಕಥೆಗೆ ಆಸ್ಕರ್ ಕೂಡ ಬಂತು. ಹಿಮದ ನಡುವಿನ ಮನೆ. ಮಹಡಿಯಿಂದ ಬಿದ್ದು ಗಂಡ ಸತ್ತಿದ್ದಾನೆ. ತಾನೇ ಬಿದ್ದನಾ, ಹೆಂಡತಿ ತಳ್ಳಿದಳಾ? ಹೆಂಡತಿಯ ಪಾತ್ರ ಮಾಡಿದ ಸಾಂಡ್ರಾ ಹ್ಯೂಲರ್ ‘ನಾನು ಕೊಂದಿದ್ದೀನಾ?’ ಅಂತ ಡೈರೆಕ್ಟರ್ ಜಸ್ಟಿನ್ ತ್ರಿಯೇ ಅವರನ್ನು ಕೇಳಿದರು. ತ್ರಿಯೇ ಹೇಳಲೇ ಇಲ್ಲ. ತಪ್ಪಿಲ್ಲದವಳ ಹಾಗೆ ನಟಿಸು ಅಂದರು, ಅಷ್ಟೆ.

ಇದು ಕ್ಲೈಮ್ಯಾಕ್ಸ್ ಹೊಳೆಯದೆ ಬಿಟ್ಟಿದ್ದಲ್ಲ ಅಂತ ನಾನು ಯಾಕೆ ನಂಬುತ್ತೇನೆ ಅಂದರೆ, ಎರಡು ಸೀನ್. ಮೊದಲನೆಯದು, ಗಂಡ ಹೆಂಡತಿ ಜಗಳದ ರೆಕಾರ್ಡಿಂಗನ್ನು ಕೋರ್ಟಿನಲ್ಲಿ ಹಾಕುವುದು. ಸಿನಿಮಾ ನಮ್ಮನ್ನು ಆ ಅಡುಗೆಮನೆಗೇ ಕರೆದುಕೊಂಡು ಹೋಗುತ್ತದೆ. ಇಬ್ಬರ ಮುಖ, ಇಬ್ಬರ ಸಿಟ್ಟು, ಎಲ್ಲ ಕಣ್ಣೆದುರಿಗೆ. ಇನ್ನೇನು ಕೈ ಕೈ ಮಿಲಾಯಿಸಬೇಕು, ಅಲ್ಲಿಗೆ ಚಿತ್ರ ಕೋರ್ಟಿಗೆ ವಾಪಸ್. ಆಮೇಲೆ ಬರೀ ಸದ್ದು. ಒಡೆದದ್ದು, ಹೊಡೆದದ್ದು ಕೇಳುತ್ತದೆ, ಯಾರು ಯಾರಿಗೆ ಅನ್ನುವುದು ಕಾಣುವುದಿಲ್ಲ. ನಮಗೆ ಅಲ್ಲಿಯವರೆಗೆ ಎಲ್ಲ ತೋರಿಸಿ, ಬೇಕಾದ ಜಾಗದಲ್ಲಿ ಕಣ್ಣು ಮುಚ್ಚಿದ್ದಾರೆ.

ಎರಡನೆಯದು ಇನ್ನೂ ಸೂಕ್ಷ್ಮ. ದೃಷ್ಟಿ ಮಂದವಾದ ಮಗ ಕೊನೆಯಲ್ಲಿ ಸಾಕ್ಷಿ ಹೇಳುತ್ತಾನೆ. ಕಾರಿನಲ್ಲಿ ಹೋಗುವಾಗ ಅಪ್ಪ ಸಾವಿನ ಬಗ್ಗೆ ಹೀಗೆ ಮಾತಾಡಿದ್ದ ಅಂತ. ಆ ದೃಶ್ಯ ಪರದೆ ಮೇಲೆ ಬರುತ್ತದೆ, ಅಪ್ಪನ ತುಟಿ ಅಲ್ಲಾಡುತ್ತದೆ, ಆದರೆ ಕೇಳುವುದು ಮಗನ ದನಿ! ಹಾಗಾದರೆ ಇದು ನೆನಪಾ, ಅಮ್ಮನನ್ನು ಉಳಿಸಿಕೊಳ್ಳಲು ಹುಡುಗ ಕಟ್ಟಿದ್ದಾ? ಅದಕ್ಕೂ ಮುಂಚೆ, ಅವನನ್ನು ನೋಡಿಕೊಳ್ಳಲು ಕೋರ್ಟು ನೇಮಿಸಿದ ಹೆಂಗಸು ಅವನಿಗೆ ಒಂದು ಮಾತು ಹೇಳಿರುತ್ತಾಳೆ: ಯಾವುದು ನಿಜ ಅಂತ ತಿಳಿಯದೆ ಸಂಕಟವಾದಾಗ, ಯಾವುದೋ ಒಂದನ್ನು ನಾವೇ ತೀರ್ಮಾನ ಮಾಡಿಕೊಳ್ಳಬೇಕು. ಹುಡುಗ ತೀರ್ಮಾನ ಮಾಡಿಕೊಂಡ. ಕೋರ್ಟು ಅವಳನ್ನು ಬಿಟ್ಟಿತು. ಕೊಲೆಯ ಪ್ರಶ್ನೆ ತೆರೆದೇ ಇದೆ, ಹುಡುಗನ ಪ್ರಶ್ನೆ ಮುಚ್ಚಿದೆ. ನಾನು ಒಳ್ಳೆಯ ಓಪನ್ ಎಂಡಿಂಗ್ ಅನ್ನುವುದು ಇದಕ್ಕೆ.

(ಟ್ವಿಸ್ಟ್ ಬೇರೆ, ಓಪನ್ ಎಂಡಿಂಗ್ ಬೇರೆ. ‘ಲೂಸಿಯಾ’ ಕೊನೆಗೆ ಯಾವುದು ಕನಸು ಅಂತ ಹೇಳಿಬಿಡುತ್ತದೆ, ತಲೆ ತಿರುಗುತ್ತದೆ ಅಷ್ಟೆ. ಅದು ಅರ್ಥವಾಗಲಿಲ್ಲ ಅನ್ನುವವರು ಸುಮ್ನೆ ಇನ್ನೊಮ್ಮೆ ನೋಡಿದರೆ ಸಾಕು.)

ಸರಿ, ಬಯ್ಯಬೇಕಾದ ಸಿನಿಮಾಗಳೂ ಇವೆ. 2025ರಲ್ಲಿ ಬಂದ ಕ್ಯಾಥ್ರಿನ್ ಬಿಗೆಲೋ ಅವರ ‘ಎ ಹೌಸ್ ಆಫ್ ಡೈನಮೈಟ್’ ನೋಡಿ ತುಂಬ ಜನ ರೇಗಿದರು. ಯಾರು ಹಾರಿಸಿದರು ಅಂತ ಗೊತ್ತಿಲ್ಲದ ಒಂದು ಕ್ಷಿಪಣಿ ಶಿಕಾಗೋ ಕಡೆ ಬರುತ್ತಿದೆ, ಇಪ್ಪತ್ತು ನಿಮಿಷವೂ ಇಲ್ಲ. ಅದೇ ನಿಮಿಷಗಳನ್ನು ಬೇರೆ ಬೇರೆ ಜನರ ಕಡೆಯಿಂದ ಮೂರು ಸಲ ತೋರಿಸುತ್ತಾರೆ. ಕ್ಷಿಪಣಿ ಬಿದ್ದದ್ದೂ ಇಲ್ಲ, ಅಧ್ಯಕ್ಷರು ಏನು ಹೇಳಿದರು ಅನ್ನುವುದೂ ಇಲ್ಲ, ಸಿನಿಮಾ ಮುಗಿಯಿತು. ಸ್ಫೋಟ ತೋರಿಸಿದ್ದರೆ ಅದು ಇನ್ನೊಂದು ದುರಂತದ ಸಿನಿಮಾ ಆಗುತ್ತಿತ್ತು ಅನ್ನುವ ವಾದ ನನಗೂ ಒಪ್ಪಿಗೆಯೇ. ಆದರೂ ರೇಗಿದವರನ್ನು ದಡ್ಡರು ಅನ್ನಲಾರೆ. ಒಂದೇ ಕಥೆಯನ್ನು ಎರಡನೇ ಸಲ, ಮೂರನೇ ಸಲ ಹೇಳಲು ಶುರು ಮಾಡಿದಿರಿ ಅಂದರೆ, ಈ ಸಲ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ ಅಂತ ಮಾತು ಕೊಟ್ಟ ಹಾಗೆ. ಮೂರು ಸಲ ಬಾಗಿಲವರೆಗೆ ಕರೆದುಕೊಂಡು ಹೋಗಿ ಮೂರು ಸಲವೂ ವಾಪಸ್ ಕಳಿಸಿದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ.

ಅದಕ್ಕಿಂತ ‘ಲೀವ್ ದ ವರ್ಲ್ಡ್ ಬಿಹೈಂಡ್’ ತುಂಟತನ ನನಗೆ ಇಷ್ಟ. ದೇಶವೇ ಕುಸಿಯುತ್ತಿದೆ, ಇಂಟರ್ನೆಟ್ ಹೋಗಿದೆ. ಅದರೊಳಗಿನ ಚಿಕ್ಕ ಹುಡುಗಿಗೆ ಮಾತ್ರ ‘ಫ್ರೆಂಡ್ಸ್’ ಸೀರಿಯಲ್ಲಿನ ಕೊನೆಯ ಕಂತು ನೋಡಲಾಗಲಿಲ್ಲ ಅನ್ನುವ ಕೊರಗು. ಕೊನೆಗೆ ಅವಳು ಒಂದು ಬಂಕರ್ ಹೊಕ್ಕು, ಡಿವಿಡಿ ಹುಡುಕಿ, ಆ ಕಂತು ಹಾಕುತ್ತಾಳೆ. ಸಿನಿಮಾ ಅಲ್ಲಿಗೆ ಕಟ್. ಅವಳಿಗೆ ಅವಳ ಕ್ಲೈಮ್ಯಾಕ್ಸ್ ಸಿಕ್ಕಿತು, ನಮಗೆ ನಮ್ಮದು ಸಿಗಲಿಲ್ಲ. ಗೊಣಗುವ ಪ್ರೇಕ್ಷಕರನ್ನೇ ಪರದೆ ಮೇಲೆ ಕೂರಿಸಿದ್ದಾರೆ.

ನಾನು ಮಾಡುವುದು ಇಷ್ಟು. ಸಿನಿಮಾ ಮುಗಿದ ಮೇಲೆ, ಕೊನೆ ಹೀಗಾಯ್ತು ಅಂತ ಒಂದು ಸಲ, ಹಾಗಾಯ್ತು ಅಂತ ಇನ್ನೊಂದು ಸಲ ಅಂದುಕೊಂಡು ಹಿಂದಿನ ಸೀನುಗಳನ್ನು ತಿರುವಿ ಹಾಕುತ್ತೇನೆ. ಎರಡು ಕಡೆಗೂ ಸಾಕ್ಷಿ ಸಿಕ್ಕರೆ ಕೆಲಸ ನೆಟ್ಟಗಿದೆ. ಎರಡು ಕಡೆಗೂ ಏನೂ ಸಿಗದಿದ್ದರೆ ಕೈಬಿಟ್ಟಿದ್ದಾರೆ ಅಂತ ಲೆಕ್ಕ. ‘ಎಂಡಿಂಗ್ ಎಕ್ಸ್‌ಪ್ಲೇನ್ಡ್’ ವಿಡಿಯೋಗಳನ್ನು ಆಮೇಲೆ ನೋಡಿ, ಮೊದಲೇ ನೋಡಿದರೆ ಆ ವಿಡಿಯೋದವನ ಸಿನಿಮಾ ನಿಮ್ಮ ತಲೆಯಲ್ಲಿ ಕೂತುಬಿಡುತ್ತದೆ.

ನಮ್ಮ ಮನೆಯಲ್ಲಿ ‘ಅನಾಟಮಿ’ ಇನ್ನೂ ಮುಗಿದಿಲ್ಲ. ಕೊನೆಯ ಶಾಟ್‌ನಲ್ಲಿ ಹೆಂಡತಿ ಮಲಗಿದಾಗ ನಾಯಿ ಬಂದು ಪಕ್ಕದಲ್ಲೇ ಮಲಗುತ್ತದೆ. ಅಕ್ಕ ಹೇಳುತ್ತಾಳೆ, ‘ನಾಯಿಗೆ ಎಲ್ಲ ಗೊತ್ತಾಗುತ್ತೆ ಕಣೋ. ಅವಳು ಕೊಂದಿದ್ರೆ ಅದು ಹತ್ರ ಹೋಗ್ತಿರಲಿಲ್ಲ.’ ಅದಕ್ಕೆ ನಾನು, ‘ಅಕ್ಕಾ, ಪರೀಕ್ಷೆ ಮಾಡೋಕೆ ಅಂತ ಅದೇ ನಾಯಿಗೆ ಆಸ್ಪಿರಿನ್ ತಿನ್ನಿಸಿ ಸಾಯೋ ಹಾಗೆ ಮಾಡಿದ್ದು ಆ ಹುಡುಗ. ಆಮೇಲೂ ಅದು ಅವನ ಜೊತೆಗೇ ಇತ್ತಲ್ಲ’ ಅಂದೆ. ಅಕ್ಕ ಒಂದು ನಿಮಿಷ ಸುಮ್ಮನಿದ್ದು ರಿಮೋಟ್ ಎತ್ತಿಕೊಂಡಳು. ‘ಆ ಸೀನ್ ಇನ್ನೊಂದು ಸಲ ಹಾಕು.’